ಮಗ ತಂದ ಬಾಟಲಿ



ಈ ಸಲ ಹುರುಳಿಕಾಳಿನ ಅಡುಗೆಗಳ ಬಗ್ಗೆ ಬರೆಯಬೇಕೆಂದು ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಐಮಂಗಲದ ಕಡೆಯಿಂದ ಒಬ್ಬ ಸೋದರಿಯ ಕಾಗದ ಬಂತು. ಒಂದು ಸಲ ಓದಿ ಮಡಿಸಿಟ್ಟೆ. ರಾತ್ರಿ ಊಟವಾದ ಮೇಲೆ ಮತ್ತೆ ತೆಗೆದು ಓದಿದೆ. ಹುರುಳಿಕಾಳು ಹದಿನೈದು ದಿನ ಕಾದರೆ ಕೆಡುವುದಿಲ್ಲ, ಈ ತಾಯಿಯನ್ನು ಕಾಯಿಸುವುದು ಬೇಡ ಅನ್ನಿಸಿತು.

ಅವರ ಹೆಸರು ಇಲ್ಲಿ ಬೇಡ. ಅವರು ಬರೆದದ್ದು ಇಷ್ಟು:

“ಅಕ್ಕಾ, ನಮ್ಮದು ಎರಡು ಎಕರೆ ದಾಳಿಂಬೆ ತೋಟ. ಮಗ ಓದು ಮುಗಿಸಿ ದೊಡ್ಡಬಳ್ಳಾಪುರದ ಕಡೆ ಒಂದು ಸಣ್ಣ ವೈನ್ ತಯಾರಿಸೋ ಜಾಗದಲ್ಲಿ ಕೆಲಸಕ್ಕೆ ಸೇರಿದಾನೆ. ಹಬ್ಬಕ್ಕೆ ಬಂದೋನು ಒಂದು ಬಾಟಲಿ ತಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಟ. ‘ಅವ್ವಾ, ಇದರಾಗೆ ನನ್ನ ಕೈಕೆಲಸ ಐತೆ. ಒಂದು ಗುಟುಕು ಕುಡಿದು ಹೇಳು’ ಅಂದ. ನಮ್ಮಪ್ಪ ಸಾರಾಯಿ ಕುಡಿದೇ ಹೋದೋರು. ನಮ್ಮವ್ವ ತಾಳಿಗುಂಡು ಸಹ ಅಡವಿಟ್ಟೋಳು. 2019ರಲ್ಲಿ ಹೆಣ್ಣುಮಕ್ಕಳು ಮದ್ಯ ನಿಲ್ಲಿಸಿ ಅಂತ ದುರ್ಗದಿಂದ ಬೆಂಗಳೂರಿಗೆ ನಡೆದು ಹೊರಟಾಗ ರಸ್ತೆಗೆ ಹೋಗಿ ಮಜ್ಜಿಗೆ ಕೊಟ್ಟೋಳು ನಾನು. ಬಾಟಲಿ ಹಿತ್ತಿಲಿಗೆ ಎಸೆಯೋಣ ಅಂತ ಕೈ ಎತ್ತಿದೆ. ಅವನ ಮುಖ ನೋಡಿ ಕೈ ಇಳೀತು. ಈಗ ಅದು ಅಕ್ಕಿ ಡಬ್ಬದ ಹಿಂದೆ ಇದೆ. ಇದೂ ಸಾರಾಯೀನೇನಾ? ಮಗನಿಗೆ ಏನು ಹೇಳಲಿ? ಒಡೆದ ದಾಳಿಂಬೇನ ವ್ಯಾಪಾರಿ ಮುಟ್ಟೋದಿಲ್ಲ, ಅದರಲ್ಲಿ ಮನೇಲೇ ವೈನ್ ಮಾಡೋಣ ಅಂತಾನೆ. ಮಾಡಬಹುದಾ?”

ಮೂರು ಪ್ರಶ್ನೆ ಕೇಳಿದ್ದಾರೆ. ಒಂದೊಂದಕ್ಕೂ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ನಮ್ಮ ಓದುಗರಲ್ಲಿ ಇನ್ನೂ ಹಲವರ ಮನೆಯಲ್ಲಿ ಇಂಥ ಬಾಟಲಿ ಯಾವುದೋ ಡಬ್ಬದ ಹಿಂದೆ ಇರಬಹುದು. ಮಗನೇ ತಂದಿರಬೇಕೆಂದಿಲ್ಲ. ಅಳಿಯ ತಂದಿರಬಹುದು, ವಿದೇಶದಿಂದ ಬಂದ ಮೈದುನ ತಂದಿರಬಹುದು.

ಆ ತಾಯಿಯ ಕೋಪ ಸುಳ್ಳಲ್ಲ

ಮೊದಲು ಒಂದು ಮಾತು. ‘ಕಾಲ ಬದಲಾಗಿದೆ, ನೀವೂ ಬದಲಾಗಿ’ ಎಂದು ಆಕೆಗೆ ನಾನು ಬುದ್ಧಿ ಹೇಳುವುದಿಲ್ಲ. ಕುಡಿತದ ಮನೆಯಲ್ಲಿ ಬೆಳೆದ ಹೆಣ್ಣುಮಗಳಿಗೆ ಬಾಟಲಿಯ ಬಿರಡೆ ಸದ್ದು ಕೇಳಿದರೂ ಎದೆ ನಡುಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷವಾದ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಹಿಂದೆ ಉಳಿದವರು ಯಾರು? ನಮ್ಮಂಥ ಹೆಂಗಸರು, ಮಕ್ಕಳು. 1992ರಲ್ಲಿ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು, ಅಕ್ಷರ ಕಲಿಯಲು ಕೂಡಿದವರು, ಸಾರಾಯಿ ಅಂಗಡಿ ಮುಚ್ಚಿಸಲು ಎದ್ದು ನಿಂತರು. ಅದು ಆ ರಾಜ್ಯವನ್ನೆಲ್ಲಾ ಹಬ್ಬಿತು.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂತು. ಆದ್ದರಿಂದಲೇ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು, ಅದರಲ್ಲೂ ರಾಯಚೂರಿನ ಕಡೆಯ ಬಡ ಹೆಣ್ಣುಮಕ್ಕಳು, ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ನಮ್ಮ ಈ ಸೋದರಿ ಮಜ್ಜಿಗೆ ಕೊಟ್ಟದ್ದು ಅವರಿಗೇ. ಅದು ಸಣ್ಣ ಕೆಲಸವಲ್ಲ.

ಈಗ ಒಂದು ವಿಚಿತ್ರ ನೋಡಿ. ಸಾರಾಯಿ ನಿಂತ ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದಕ್ಕೊಂದು ವೈನ್ ಮಂಡಳಿಯನ್ನೂ ಮಾಡಿತು. ಸಾರಾಯಿಗೆ ಬಾಗಿಲು ಮುಚ್ಚಿ ವೈನಿಗೆ ಬಾಗಿಲು ತೆರೆದದ್ದು ಏಕೆ? ಮುಖ್ಯ ಕಾರಣ ದ್ರಾಕ್ಷಿ ಬೆಳೆಗಾರರು. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆ, ಇತ್ತ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ರೈತರು ಬೆಳೆದ ಹಣ್ಣಿಗೆ ಒಂದು ದಾರಿಯಾಗಲಿ ಎಂಬುದು ಅದರ ಉದ್ದೇಶ. ಅದಕ್ಕೂ ಮೊದಲೇ, 1988ರಲ್ಲಿ, ಕನ್ವಲ್ ಗ್ರೋವರ್ ಎಂಬುವರು ನಂದಿ ಬೆಟ್ಟದ ತಪ್ಪಲಿನಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಫ್ರಾನ್ಸ್ ದೇಶದ ತಳಿಗಳ ತೋಟ ಹಾಕಿ ಸಂಸ್ಥೆ ಕಟ್ಟಿದ್ದರು. ಈಗ ಆ ಸುತ್ತಿನಲ್ಲಿ ಸಣ್ಣ ಪುಟ್ಟ ವೈನರಿಗಳೂ ಇವೆ. ನಮ್ಮ ಸೋದರಿಯ ಮಗ ಸೇರಿರುವುದು ಅಂಥ ಒಂದರಲ್ಲಿ.

ನಾನು ಕಂಡದ್ದು

ಆ ಭಾಗದ ಒಂದು ಸಣ್ಣ ವೈನರಿಗೆ ನಮ್ಮ ಮಹಿಳಾ ಸಮಾಜದ ಏಳೆಂಟು ಮಂದಿ ಒಮ್ಮೆ ಹೋಗಿದ್ದೆವು. ನಾನು ಮೂಗಿಗೆ ಸೆರಗು ಹಿಡಿದುಕೊಂಡೇ ಒಳಗೆ ಕಾಲಿಟ್ಟೆ. ಸಾರಾಯಿ ಅಂಗಡಿಯ ವಾಸನೆ ಬರುತ್ತದೆಂದು ತಿಳಿದಿದ್ದೆ. ಬಂದದ್ದು ಏನು ಹೇಳಿ? ಉಕ್ಕಿ ಬಂದ ದೋಸೆ ಹಿಟ್ಟಿನ ವಾಸನೆ, ಜೊತೆಗೆ ಮಾಗಿದ ಹಣ್ಣಿನದು! ನಮ್ಮ ಅಡುಗೆಮನೆಯ ವಾಸನೆಯೇ. ಸೆರಗು ತಾನಾಗಿಯೇ ಕೆಳಗಿಳಿಯಿತು.

ಕೆಲಸವೂ ನಮಗೆ ಅಪರಿಚಿತವಲ್ಲ. ರಾತ್ರಿ ಹಿಟ್ಟು ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ ಅಲ್ಲವೇ? ರಾಗಿ ಅಂಬಲಿ ಎರಡನೇ ದಿನಕ್ಕೆ ಹುಳಿಯಾಗುತ್ತದೆ ಅಲ್ಲವೇ? ಕಣ್ಣಿಗೆ ಕಾಣದ ಜೀವಿಗಳ ಕೆಲಸ ಅದು. ದ್ರಾಕ್ಷಿಯಲ್ಲಿ ಆ ಕೆಲಸ ಮಾಡುವುದು ಯೀಸ್ಟ್. ರಸದಲ್ಲಿರುವ ಸಕ್ಕರೆಯನ್ನು ಅದು ತಿನ್ನುತ್ತದೆ. ತಿಂದು ಒಂದು ಕಡೆ ಆಲ್ಕೋಹಾಲು, ಇನ್ನೊಂದು ಕಡೆ ಗಾಳಿ (ಇಂಗಾಲದ ಡೈ ಆಕ್ಸೈಡು) ಬಿಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಕರಗಿ ಹೋದರೆ ನೂರಕ್ಕೆ ಒಂದು ಪಾಲು ಆಲ್ಕೋಹಾಲು ಆಗುತ್ತದೆ. ಹಣ್ಣು ಎಷ್ಟು ಸಿಹಿಯೋ ವೈನ್ ಅಷ್ಟು ಗಡಸು.

ಅಲ್ಲಿ ಮಾಡುವ ರೀತಿಯನ್ನು ನಾನು ನೋಡಿ ತಿಳಿದಂತೆ ಹೇಳುತ್ತೇನೆ. ಬಿಸಿಲೇರುವ ಮೊದಲೇ ಗೊಂಚಲು ಕೊಯ್ದು ತರುತ್ತಾರೆ. ಕೊಳೆತದ್ದು, ಬೂಷ್ಟು ಹಿಡಿದದ್ದನ್ನು ಕೈಯಿಂದ ಆರಿಸಿ ತೆಗೆಯುತ್ತಾರೆ. ನಾವು ಅಕ್ಕಿ ಆರಿಸುವ ಹಾಗೇ, ಹೆಂಗಸರೇ ಸಾಲಾಗಿ ಕೂತು. ತೊಟ್ಟು ಬಿಡಿಸಿ ಹಣ್ಣನ್ನು ಹಿಚುಕುತ್ತಾರೆ. ಕೆಂಪು ವೈನಿಗಾದರೆ ಸಿಪ್ಪೆ, ಬೀಜ, ರಸ ಎಲ್ಲ ಒಟ್ಟಿಗೆ ಉಕ್ಕಿನ ತೊಟ್ಟಿಗೆ ಹೋಗುತ್ತದೆ. ಬಣ್ಣ ಬರುವುದು ಸಿಪ್ಪೆಯಿಂದ. ಬಿಳಿ ವೈನಿಗಾದರೆ ಮೊದಲೇ ಹಿಂಡಿ ರಸ ಮಾತ್ರ ತೆಗೆದುಕೊಳ್ಳುತ್ತಾರೆ. ಎರಡನೇ ದಿನಕ್ಕೆ ರಸ ನೊರೆಯೇಳುತ್ತದೆ. ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಕೆನೆಯಂತೆ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಕೆಳಗೆ ಒತ್ತಬೇಕು. ಇಲ್ಲವಾದರೆ ಮೇಲಿನದು ಒಣಗಿ ಹುಳಿ ಹಿಡಿಯುತ್ತದೆ. ಹುದುಗುವಾಗ ತಾನಾಗಿಯೇ ಕಾವೇರುತ್ತದೆ. ಕಾವು ಮೀರಿದರೆ ಯೀಸ್ಟ್ ಸತ್ತು ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ತೊಟ್ಟಿಯ ಸುತ್ತ ತಣ್ಣೀರು ಹರಿಸುತ್ತಾರೆ. ಬಿಳಿಯದಕ್ಕೆ ಇನ್ನೂ ಹೆಚ್ಚು ತಂಪು ಬೇಕು.

ವಾರ ಹತ್ತು ದಿನ ಕಳೆದ ಮೇಲೆ ಹಿಂಡಿ ಸಿಪ್ಪೆ ತೆಗೆದು ಬೇರೆ ತೊಟ್ಟಿಗೆ ಹಾಕುತ್ತಾರೆ. ತಳದಲ್ಲಿ ಗಷ್ಟು ನಿಲ್ಲುತ್ತದೆ. ಮೇಲಿನ ತಿಳಿಯನ್ನು ಅಲುಗಾಡಿಸದೆ ಇನ್ನೊಂದಕ್ಕೆ ಬಸಿಯುತ್ತಾರೆ. ಹೀಗೆ ತಿಂಗಳುಗಟ್ಟಲೆ ಆಗಾಗ ಬಸಿಯುವುದು, ಮುಚ್ಚಿಡುವುದು, ಕಾಯುವುದು. ಕೆಲವನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷ ಇಡುತ್ತಾರೆ. ಗಾಳಿ ಸೇರಿದರೆ ವಿನೆಗರ್ ಆಗಿಬಿಡುತ್ತದೆ. ಪಾತ್ರೆ ತೊಳೆಯುವ ಕೆಲಸವಂತೂ ಮುಗಿಯುವುದೇ ಇಲ್ಲ. “ವೈನ್ ಮಾಡೋದು ಕಾಲು ಭಾಗ, ತೊಟ್ಟಿ ಉಜ್ಜೋದು ಮುಕ್ಕಾಲು ಭಾಗ” ಎಂದು ಅಲ್ಲಿನ ಹುಡುಗನೊಬ್ಬ ನಗಾಡಿದ. ಉಪ್ಪಿನಕಾಯಿ ಹಾಕಿದವರಿಗೆ ಈ ಮಾತಿನ ಅರ್ಥ ಆದೀತು.

ಐಮಂಗಲದ ತಾಯಿಯೇ, ನಿಮ್ಮ ಮಗ ಮಾಡುತ್ತಿರುವ ಕೆಲಸ ಇದು. ಶ್ರದ್ಧೆಯ ಕೆಲಸ, ಬೆನ್ನು ಬಗ್ಗಿಸಿ ಮಾಡುವ ಕೆಲಸ. ಇದನ್ನು ಅಲ್ಲಗಳೆಯಬೇಡಿ.

ಹಾಗಾದರೆ ಇದು ಸಾರಾಯಿಯೇ?

ಅಲ್ಲ. ಆದರೆ ಹಣ್ಣಿನ ಪಾನಕವೂ ಅಲ್ಲ. ಈ ಎರಡನೆಯ ಮಾತನ್ನು ಮಾರುವವರು ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ.

ಸಾರಾಯಿ, ವಿಸ್ಕಿ, ಬ್ರಾಂದಿ ಇವೆಲ್ಲ ಭಟ್ಟಿ ಇಳಿಸಿದವು. ಅಂದರೆ ಹುಳಿತದ್ದನ್ನು ಕಾಯಿಸಿ, ಆವಿ ಹಿಡಿದು, ಆಲ್ಕೋಹಾಲನ್ನು ಒಟ್ಟುಮಾಡಿದ್ದು. ವೈನಿಗೆ ಭಟ್ಟಿಯಿಲ್ಲ. ಹಣ್ಣಿನ ಸಕ್ಕರೆಯಿಂದ ಎಷ್ಟು ಆಯಿತೋ ಅಷ್ಟೇ, ಸಾಮಾನ್ಯವಾಗಿ ನೂರಕ್ಕೆ 11ರಿಂದ 14. (‘ಪೋರ್ಟ್’ ಎಂದು ಬರೆದ ಸಿಹಿ ವೈನಿಗೆ ಮಾತ್ರ ಹಲವು ವೇಳೆ ಹೊರಗಿನಿಂದ ಆಲ್ಕೋಹಾಲು ಸೇರಿಸಿರುತ್ತಾರೆ. ಲೇಬಲ್ ಓದಿ.) ವಿಸ್ಕಿಯಲ್ಲಿ ನೂರಕ್ಕೆ 42.8.

ಈಗ ನಾವು ದಿನಸಿ ಲೆಕ್ಕ ಹಾಕುವ ಹಾಗೆ ಇದರದೂ ಹಾಕೋಣ. ಒಂದು ವೈನ್ ಬಾಟಲಿ 750 ಮಿಲಿಲೀಟರ್. ನೂರಕ್ಕೆ 12 ಅಂದರೆ ಅದರೊಳಗೆ 90 ಮಿಲಿಲೀಟರ್ ಆಲ್ಕೋಹಾಲು. 180 ಮಿಲಿಲೀಟರಿನ ವಿಸ್ಕಿ ಕ್ವಾರ್ಟರಿನಲ್ಲಿ 77 ಮಿಲಿಲೀಟರ್. ಅಂದರೆ, ಒಬ್ಬನೇ ಕೂತು ಒಂದು ಬಾಟಲಿ ವೈನ್ ಮುಗಿಸಿದವನು ಒಂದು ಕ್ವಾರ್ಟರಿಗಿಂತ ಹೆಚ್ಚೇ ಕುಡಿದಂತೆ! ‘ಅಯ್ಯೋ, ಬರೀ ವೈನ್ ಕಣೇ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಹೇಳಿ.

‘ವೈನ್ ಹೃದಯಕ್ಕೆ ಒಳ್ಳೆಯದಂತೆ’ ಎಂಬ ಮಾತು ಬಹಳ ದಿನ ಓಡಾಡಿತು. ಆದರೆ ಆಲ್ಕೋಹಾಲು ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎಂದು ಹೇಳಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕ್ಯಾನ್ಸರಿನ ಭಯ ಮೊದಲ ಗುಟುಕಿನಿಂದಲೇ ಶುರು ಎಂದು ಅದರ ಅಭಿಪ್ರಾಯ. ಔಷಧಿ ಎಂದುಕೊಂಡು ಯಾರೂ ಇದನ್ನು ಶುರು ಮಾಡಬೇಡಿ.

‘ನಮ್ಮಜ್ಜಿ ಬಾಣಂತನದಲ್ಲಿ ದ್ರಾಕ್ಷಾರಿಷ್ಟ ಕುಡೀತಿದ್ದಳಲ್ಲ’ ಎಂದು ನೀವು ಕೇಳಬಹುದು. ನಿಜ. ಆಯುರ್ವೇದದ ಆಸವ, ಅರಿಷ್ಟಗಳು ಕೂಡ ಹುದುಗಿಸಿದವೇ. ಧಾತಕಿ ಹೂವು ಹಾಕಿ ಹುದುಗಿಸುತ್ತಾರೆ. ತಾನಾಗಿ ಹುಟ್ಟಿದ ಆಲ್ಕೋಹಾಲು ಅದರಲ್ಲೂ ಇರುತ್ತದೆ. ಎಷ್ಟಿದೆ ಎಂದು ಬಾಟಲಿಯ ಮೇಲೇ ಬರೆದಿರುತ್ತಾರೆ. ಆದರೆ ಅದನ್ನು ಅಜ್ಜಿ ಕುಡಿಯುತ್ತಿದ್ದುದು ಚಮಚದಲ್ಲಿ, ವೈದ್ಯರು ಹೇಳಿದಷ್ಟು ದಿನ. ಲೋಟದಲ್ಲಲ್ಲ. ಇಂದಿನ ವೈದ್ಯರನ್ನು ಕೇಳದೆ ಬಾಣಂತಿಗೆ ಅದನ್ನೂ ಕೊಡುವುದು ಬೇಡ.

ಮನೆಯಲ್ಲೇ ಮಾಡಬಹುದೇ?

ಮಡಿಕೇರಿಗೆ ಪ್ರವಾಸ ಹೋದವರು ‘ಹೋಂ ಮೇಡ್ ವೈನ್’ ಬೋರ್ಡು ನೋಡಿರುತ್ತೀರಿ. ಮಂಗಳೂರಿನ ಕ್ರೈಸ್ತ ಗೆಳತಿಯರು ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಭರಣಿಯಲ್ಲಿ ಹಾಕಿದ ದ್ರಾಕ್ಷಿ ವೈನನ್ನು ಕೇಕಿನ ಜೊತೆ ಕೊಟ್ಟದ್ದು ನೆನಪಿರಬಹುದು. ಹಾಗಾದರೆ ನಾವೂ ಮಾಡಬಹುದು ಅನ್ನಿಸುವುದು ಸಹಜ.

ಆದರೆ ಕಾನೂನು ಬೇರೆ ಹೇಳುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ವೈನೂ ಅದರಲ್ಲಿ ಸೇರಿತು. ಇನ್ನೊಂದು ಊರಿನ ಅಂಗಡಿಯಲ್ಲಿ ಮಾರುತ್ತಾರೆಂದ ಮಾತ್ರಕ್ಕೆ ನಮಗೆ ಪರವಾನಗಿ ಸಿಕ್ಕಂತಾಗುವುದಿಲ್ಲ. ಅದರಲ್ಲೂ ಮಾಡಿ ನಾಲ್ಕು ಮನೆಗೆ ಮಾರಿದಿರೋ, ಗಂಡ ಮಕ್ಕಳೊಂದಿಗೆ ಕಚೇರಿ ಅಲೆಯಬೇಕಾದೀತು. ಆದ್ದರಿಂದ ಮನೆಯಲ್ಲಿ ವೈನ್ ಮಾಡುವ ವಿಧಾನವನ್ನು ಈ ಪುಟದಲ್ಲಿ ಕೊಡುವುದಿಲ್ಲ. ಕಾಗದ ಬರೆದು ಕೇಳಬೇಡಿ.

ಕಾನೂನಿನ ಮಾತಷ್ಟೇ ಅಲ್ಲ. ಹುದುಗುವ ರಸವನ್ನು ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಗಾಳಿ ತುಂಬಿ ಬಾಟಲಿ ಸಿಡಿಯುತ್ತದೆ. ಗಾಜಿನ ಚೂರು ಮಗುವಿನ ಕಣ್ಣಿಗೆ ಬಿದ್ದರೆ? ನೆನೆಸಿಕೊಳ್ಳಲೇ ಭಯ.

ನಿಮ್ಮ ಮಗನಿಗೆ ದಾಳಿಂಬೆಯಲ್ಲಿ ಆಸಕ್ತಿ ಇದ್ದರೆ ಅದು ಸಂತೋಷದ ವಿಷಯ. ಸೊಲ್ಲಾಪುರದಲ್ಲಿ 2005ರಿಂದ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ಹಿರಿಯೂರಿನ ಪಕ್ಕದ ಬಬ್ಬೂರು ಫಾರಂ ನಿಮಗೆ ಗೊತ್ತೇ ಇದೆ. ಹಣ್ಣು ಒಡೆಯುವುದು ಏಕೆಂದು ಅವನು ಮೊದಲು ಅಲ್ಲಿ ಹೋಗಿ ಕೇಳಲಿ. ಒಣಗಿಸಿ ಒಣಗಿಸಿ ಒಮ್ಮೆಲೇ ನೀರು ಬಿಟ್ಟರೆ ದಾಳಿಂಬೆ ಬಿರಿಯುತ್ತದೆ. ಬೋರಾನ್ ಕಡಿಮೆಯಾದರೂ ಬಿರಿಯುತ್ತದೆ. ಒಡೆದ ಹಣ್ಣಿನಿಂದ ಏನು ಮಾಡುವುದು ಎಂಬುದಕ್ಕಿಂತ ಒಡೆಯದ ಹಾಗೆ ಮಾಡುವುದು ಲಾಭ ಅಲ್ಲವೇ? ಮುಂದೆ ಎಂದಾದರೂ ಪರವಾನಗಿ ಪಡೆದು ಹತ್ತು ರೈತರು ಸೇರಿ ಏನಾದರೂ ಮಾಡಿದರೆ ಆ ಮಾತು ಬೇರೆ.

ಆದರೂ ಒಡೆದ ಹಣ್ಣಿಗೆ ಏನು ದಾರಿ?

ಇದೆ. ಹುದುಗಿಸದೆ, ಮಕ್ಕಳೂ ಕುಡಿಯುವಂಥ ಎರಡು ಬಗೆ ಕೊಡುತ್ತೇನೆ. ಕೊಯ್ದ ದಿನವೇ ಮಾಡಬೇಕು. ಒಡೆದ ಜಾಗದಲ್ಲಿ ಬೂಷ್ಟು ಬಂದಿದ್ದರೆ, ಕಾಳು ಕಂದಿದ್ದರೆ, ಹುಳಿ ವಾಸನೆ ಬಂದರೆ ತಿಪ್ಪೆಗೆ ಹಾಕಿ. ಅದರಲ್ಲಿ ಉಳಿತಾಯ ನೋಡಬೇಡಿ.

*ದಾಳಿಂಬೆ ಸಿರಪ್ಪು*

ಬೇಕಾಗುವ ಸಾಮಾನು: ದಾಳಿಂಬೆ ರಸ 1 ಲೀಟರ್, ಸಕ್ಕರೆ 750 ಗ್ರಾಂ, ನಿಂಬೆಹಣ್ಣು 2, ಉಪ್ಪು ಒಂದು ಚಿಟಿಕೆ.

ಮಾಡುವ ವಿಧಾನ: ಕಾಳು ಬಿಡಿಸಿ ತೊಳೆದು, ತೆಳುವಾದ ಬಟ್ಟೆಯಲ್ಲಿ ಕಟ್ಟಿ ಕೈಯಿಂದ ಹಿಂಡಿ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಬೇಡಿ, ಬೀಜ ಒಡೆದು ಒಗರಾಗುತ್ತದೆ. ಬಿಳಿ ಪೊರೆಯೂ ಸೇರಬಾರದು. ರಸವನ್ನು ಎರಡು ಗಂಟೆ ಬಿಟ್ಟು ತಿಳಿಯನ್ನು ಬಸಿದುಕೊಳ್ಳಿ. ಸಕ್ಕರೆ ಸೇರಿಸಿ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಡಿ. ಅಲ್ಯೂಮಿನಿಯಂ, ಹಿತ್ತಾಳೆ ಬೇಡ. ಕುದಿ ಬಂದ ಮೇಲೆ ಹತ್ತು ನಿಮಿಷ ಕುದಿಸಿ ನೊರೆ ತೆಗೆಯಿರಿ. ಇಳಿಸಿ ನಿಂಬೆರಸ, ಉಪ್ಪು ಹಾಕಿ. ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ. ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ತಿಂಗಳೊಳಗೆ ಬಳಸಿ. ಎರಡು ದೊಡ್ಡ ಚಮಚಕ್ಕೆ ಒಂದು ಲೋಟ ತಣ್ಣೀರು.

*ದ್ರಾಕ್ಷಿ ಸ್ಕ್ವಾಷ್*

ಇದಕ್ಕೆ ಬೆಂಗಳೂರು ಬ್ಲೂ ಎಂಬ ನೇರಳೆ ಕಪ್ಪಿನ, ದಪ್ಪ ಸಿಪ್ಪೆಯ ದ್ರಾಕ್ಷಿಯೇ ಆಗಬೇಕು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಬಣ್ಣ, ಘಮ ಎರಡೂ ಹೆಚ್ಚು.

ಬೇಕಾಗುವ ಸಾಮಾನು: ದ್ರಾಕ್ಷಿ 2 ಕಿಲೋ, ಸಕ್ಕರೆ 1 ಕಿಲೋ, ನೀರು ಅರ್ಧ ಲೀಟರ್ ಮತ್ತು ಅರ್ಧ ಲೋಟ, ಸಿಟ್ರಿಕ್ ಆಸಿಡ್ ಒಂದೂವರೆ ಟೀ ಚಮಚ.

ಮಾಡುವ ವಿಧಾನ: ಹಣ್ಣನ್ನು ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ ಚೆನ್ನಾಗಿ ತೊಳೆದು ಬಿಡಿಸಿ. ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬಿಸಿ ಮಾಡಿ. ಸಿಪ್ಪೆ ಬಣ್ಣ ಬಿಟ್ಟ ಮೇಲೆ ಸೌಟಿನಿಂದ ಹಿಚುಕಿ ಬಟ್ಟೆಯಲ್ಲಿ ಸೋಸಿ. ರಸವನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತಳದಲ್ಲಿ ಸಣ್ಣ ಹರಳು ಕೂತಿರುತ್ತದೆ. ಗಾಬರಿಯಾಗಬೇಡಿ, ಅದು ದ್ರಾಕ್ಷಿಯದೇ ಹುಳಿ ಉಪ್ಪು. ತಿಳಿ ಮಾತ್ರ ಒಂದು ಲೀಟರ್ ಅಳೆದುಕೊಳ್ಳಿ. ಸಕ್ಕರೆ, ಅರ್ಧ ಲೀಟರ್ ನೀರು, ಸಿಟ್ರಿಕ್ ಆಸಿಡ್ ಸೇರಿಸಿ ಕುದಿಸಿ, ಸೋಸಿ, ಆರಿಸಿ, ರಸಕ್ಕೆ ಬೆರೆಸಿ. ಶುದ್ಧವಾದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಮೂರು ವಾರದೊಳಗೆ ಮುಗಿಸಿ. ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಬಂದರೆ ಅದು ಹುದುಗಿದೆ ಎಂದರ್ಥ, ಚೆಲ್ಲಿಬಿಡಿ. ಮಾರಾಟಕ್ಕೆ ಮಾಡುವವರು ಕೆಡದಂತೆ ಹಾಕುವ ಪುಡಿಯ ಅಳತೆಯನ್ನು ತರಬೇತಿಯಲ್ಲೇ ಕಲಿಯಿರಿ. ಬಣ್ಣದ ರಸಕ್ಕೆ ಸೋಡಿಯಂ ಬೆಂಜೊಯೇಟ್ ಹೊಂದುತ್ತದೆ, ಮೆಟಾಬೈಸಲ್ಫೈಟ್ ಹಾಕಿದರೆ ಬಣ್ಣ ಹೋಗುತ್ತದೆ.

ರುಚಿ ನೋಡುವವರಿಗೆ ನಾಲ್ಕು ಮಾತು

ಕುಡಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ಕಾನೂನುಬದ್ಧವಾಗಿ ಕೊಂಡು ತಂದು, ದೊಡ್ಡವರು ಹಬ್ಬ ಹರಿದಿನಕ್ಕೆ ಒಂದು ಗುಟುಕು ತೆಗೆದುಕೊಳ್ಳುವ ಪದ್ಧತಿಯಿದ್ದರೆ, ಅದರ ರೀತಿ ತಿಳಿದಿರಲಿ.

ಲೋಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಕಬಾರದು. ಮೊದಲು ಬಣ್ಣ ನೋಡುವುದು, ಆಮೇಲೆ ಘಮ, ಆಮೇಲೆ ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ನುಂಗುವುದು. ಹೊಸ ಫಿಲ್ಟರ್ ಕಾಫಿಯನ್ನು ನಾವು ಸವಿಯುವುದಿಲ್ಲವೇ, ಹಾಗೇ. ಗಟಗಟನೆ ಕುಡಿಯುವವನಿಗೆ ಇದರ ರುಚಿಯೂ ಇಲ್ಲ, ಮರ್ಯಾದೆಯೂ ಇಲ್ಲ. ಬಿಳಿಯದನ್ನು ತಣ್ಣಗೆ, ಕೆಂಪನ್ನು ಸಾಧಾರಣ ತಂಪಿನಲ್ಲಿ ಕೊಡುವುದು ವಾಡಿಕೆ. ಪುಸ್ತಕದಲ್ಲಿ ‘ಕೋಣೆಯ ಉಷ್ಣತೆ’ ಎಂದಿರುವುದು ಚಳಿ ದೇಶದ ಕೋಣೆಯದು. ಹಿರಿಯೂರಿನ ಏಪ್ರಿಲ್ ತಿಂಗಳಿನ ಕೋಣೆಯದಲ್ಲ! ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಬಿಸಿಲು ಬೀಳುವ ಶೋಕೇಸಿನಲ್ಲಿ ಬಾಟಲಿ ಇಟ್ಟರೆ ಕೆಡುತ್ತದೆ. ತೆರೆದ ಮೇಲೆ ಮೂರು ನಾಲ್ಕು ದಿನವಷ್ಟೇ.

ಊಟದ ಜೊತೆಯೇ ಇರಬೇಕು, ಬರೀ ಹೊಟ್ಟೆಯಲ್ಲಿ ಅಲ್ಲ. ನಮ್ಮ ಎಣ್ಣೆಗಾಯಿ, ಶೇಂಗಾ ಚಟ್ನಿ, ಖಾರದ ಪಲ್ಯಕ್ಕೆ ಒಗರಾದ ಕೆಂಪು ಹೊಂದುವುದಿಲ್ಲ, ಬಾಯಿ ಇನ್ನೂ ಉರಿಯುತ್ತದೆ. ಕೊಂಚ ಸಿಹಿಯಿರುವ ಬಿಳಿಯದು ಪರವಾಗಿಲ್ಲ.

ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ಮುಟ್ಟಲೇಬಾರದು. ಗಾಡಿ ಓಡಿಸಬೇಕಾದವರೂ ಅಷ್ಟೇ. ಮನೆಯಲ್ಲಿ ಹಿಂದೆ ಕುಡಿತಕ್ಕೆ ಬಿದ್ದು ಎದ್ದವರಿದ್ದರೆ ಬಾಟಲಿ ಹೊಸ್ತಿಲೊಳಗೆ ಬರುವುದೇ ಬೇಡ. ಅಂಥವರಿಗೆ ಒಂದು ಗುಟುಕು ಎಂಬುದಿಲ್ಲ.

ಕೊನೆಗೆ, ಮಗನಿಗೆ ಏನು ಹೇಳುವುದು?

ತಾಯೀ, ಇದು ಮೂರರಲ್ಲಿ ಕಷ್ಟದ ಪ್ರಶ್ನೆ. ಬಾಟಲಿ ಎಸೆಯದೆ ಕೈ ಇಳಿಸಿದಿರಲ್ಲ, ಒಳ್ಳೆಯದು ಮಾಡಿದಿರಿ. ಎಸೆದಿದ್ದರೆ ಮಗನ ಆರು ತಿಂಗಳ ಬೆವರನ್ನೂ ಎಸೆದಂತಾಗುತ್ತಿತ್ತು. ಹಾಗೆಂದು ಅವನ ಮನಸ್ಸಿಗಾಗಿ ಕುಡಿಯಲೂ ಬೇಡಿ. ನೀವು ಬೇಡ ಎಂದರೆ ಬೇಡ. ತಾಯಿಯ ಬಾಯಿಗೆ ಒತ್ತಾಯದಿಂದ ಹಾಕಿದ ಗುಟುಕು ಯಾರಿಗೂ ಸಿಹಿಯಲ್ಲ.

ಅಕ್ಕಿ ಡಬ್ಬದ ಹಿಂದೆ ಮುಚ್ಚಿಡುವುದು ಮಾತ್ರ ಸರಿಯಲ್ಲ. ಮುಚ್ಚಿಟ್ಟ ಬಾಟಲಿಯಿಂದಲೇ ನಿಮ್ಮ ತವರುಮನೆ ಹಾಳಾದದ್ದು. ಹೊರಗೆ ತೆಗೆಯಿರಿ. ಮುಂದಿನ ಸಲ ಮಗ ಬಂದಾಗ ಊಟವಾದ ಮೇಲೆ ಅವನನ್ನು ಹತ್ತಿರ ಕೂರಿಸಿಕೊಳ್ಳಿ. ಅವನ ತಾತ ಹೇಗೆ ಹೋದರು ಎಂಬುದನ್ನು ಪೂರಾ ಹೇಳಿ. ನಿಮ್ಮವ್ವನ ತಾಳಿಗುಂಡಿನ ಕಥೆ ಹೇಳಿ. ನೀವು ಇದುವರೆಗೆ ಅವನಿಗೆ ಹೇಳಿರಲಾರಿರಿ ಎಂದು ನನ್ನ ಊಹೆ. ಅಪ್ಪನ ಮಾನ ಹೋದೀತೆಂದು ಹೆಣ್ಣುಮಕ್ಕಳು ಇಂಥದ್ದನ್ನೆಲ್ಲ ನುಂಗಿಕೊಂಡಿರುತ್ತೇವೆ. ಹೇಳಿದ್ದರೆ ಅವನು ಬಾಟಲಿಯನ್ನು ಹಾಗೆ ನಗುತ್ತಾ ಕಟ್ಟೆ ಮೇಲೆ ಇಡುತ್ತಿದ್ದನೇ?

ಆಮೇಲೆ ಅವನ ಮಾತನ್ನೂ ಕೇಳಿ. ದ್ರಾಕ್ಷಿ ಹೇಗೆ ಆರಿಸುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಎದ್ದು ತೊಟ್ಟಿ ನೋಡುತ್ತಾನೆ ಎಂದು ಕೇಳಿ. ಎರಡು ಮಾತು ತೆಗೆದುಕೊಳ್ಳಿ. ಕೆಲಸದ ರುಚಿ ನೋಡುವುದು ಕೆಲಸದ ಜಾಗಕ್ಕೇ ಸೀಮಿತ ಎಂಬುದು ಒಂದು. ಅಲ್ಲಿ ಬಾಯಿಗೆ ಹಾಕಿಕೊಂಡು ಉಗಿಯುವುದೇ ಬಲ್ಲವರ ಪದ್ಧತಿ, ಅವನಿಗೂ ಗೊತ್ತಿರುತ್ತದೆ. ಕುಡಿಯಬೇಕು ಎಂದು ಒಬ್ಬನೇ ಇರುವಾಗ ಅನ್ನಿಸತೊಡಗಿದರೆ ಮೊದಲು ನಿಮಗೆ ಹೇಳಬೇಕು ಎಂಬುದು ಇನ್ನೊಂದು. ಬೈಯುವುದಿಲ್ಲ ಎಂದು ನೀವೂ ಮಾತು ಕೊಡಿ.

ಕುಡಿತದ ಮನೆಯಲ್ಲಿ ಬೆಳೆದವರ ಮಕ್ಕಳಿಗೆ ಈ ಚಟ ತಗಲುವ ಸಂಭವ ಉಳಿದವರಿಗಿಂತ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಈ ಮಾತು ಅಗತ್ಯ. ಇದು ಸಂಶಯವಲ್ಲ, ಎಚ್ಚರ.

ಆ ಬಾಟಲಿಯನ್ನು ಅವನ ಕೈಗೇ ಕೊಟ್ಟುಬಿಡಿ. “ಇದರಾಗೆ ನಿನ್ನ ಕೈಕೆಲಸ ಐತೆ, ಅದು ನನಗೆ ಸಂತೋಷ. ಕುಡಿಯೋದು ನನ್ನಿಂದ ಆಗಲ್ಲ ಕಣಪ್ಪ” ಎನ್ನಿ. ಅಷ್ಟು ಸಾಕು. ಹೊರಡುವಾಗ ನೀವು ಮಾಡಿದ ದಾಳಿಂಬೆ ಸಿರಪ್ಪಿನ ಒಂದು ಬಾಟಲಿಯನ್ನು ಅವನ ಚೀಲದಲ್ಲಿಡಿ. ಮುಚ್ಚಳ ಬಿಗಿಯಾಗಿದೆಯೇ ನೋಡಿ, ಬಸ್ಸಿನಲ್ಲಿ ಸೋರೀತು.

ಏನಾಯಿತೆಂದು ನನಗೊಂದು ಕಾಗದ ಬರೆಯುವುದನ್ನು ಮರೆಯಬೇಡಿ. ಉಳಿದ ಸೋದರಿಯರೂ ನಿಮ್ಮ ಮನೆಯ ಅನುಭವ ಬರೆಯಿರಿ. ಹೆಸರು ಬೇಡವೆಂದರೆ ಹಾಕುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಹುರುಳಿಕಾಳು, ಈ ಸಲ ತಪ್ಪುವುದಿಲ್ಲ.